ಮೊದಲು ಚರ್ಮ ಓದಲು ಕಲಿಯಿರಿ, ಅಂಗಡಿ ಆಮೇಲೆ

(ಬ್ಯೂಟಿ ಪಾರ್ಲರ್ ತರಬೇತಿ ಮುಗಿಸಿದ ಯುವತಿಯರ ಎದುರು ಹಿರಿಯ ಬ್ಯೂಟಿಷಿಯನ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಸರ್ಟಿಫಿಕೇಟ್ ಕೈಗೆ ಬಂತು ಅಂದ ಕೂಡಲೇ ಮನೆಯವರು, ನೆಂಟರು, ಪಕ್ಕದ ಮನೆಯವರು ಎಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಪಾರ್ಲರ್ ಯಾವಾಗ ಶುರು ಮಾಡ್ತೀಯಾ? ನಾನು ಹೇಳುವುದು, ಈಗಲೇ ಬೇಡ. ಕನಿಷ್ಠ ಒಂದು ವರ್ಷ ಬೇರೆಯವರ ಪಾರ್ಲರ್‌ನಲ್ಲಿ ಕೆಲಸ ಮಾಡಿ. ಸಂಬಳ ಕಡಿಮೆ ಸಿಗಬಹುದು. ಮೊದಲ ತಿಂಗಳು ಟವೆಲ್ ಮಡಿಸುವುದು, ವ್ಯಾಕ್ಸ್ ಬಿಸಿ ಮಾಡುವುದು, ಕೂದಲು ಗುಡಿಸುವುದು ಇಷ್ಟೇ ಕೆಲಸ ಕೊಡಬಹುದು. ಆದರೂ ಹೋಗಿ.

ಯಾಕೆ ಅಂತ ಹೇಳುತ್ತೇನೆ. ತರಬೇತಿಯಲ್ಲಿ ನೀವು ಒಬ್ಬರ ಮುಖದ ಮೇಲೆ ಇನ್ನೊಬ್ಬರು ಕಲಿತಿರಿ. ಹೆಚ್ಚುಕಡಿಮೆ ಎಲ್ಲರದ್ದೂ ಎಳೆ ವಯಸ್ಸು, ಆರೋಗ್ಯದ ಚರ್ಮ. ಪಾರ್ಲರ್‌ಗೆ ಬರುವವರು ಹಾಗಿರುವುದಿಲ್ಲ. ಮೊಡವೆ ತುಂಬಿದ ಮುಖದ ಹೈಸ್ಕೂಲ್ ಹುಡುಗಿ ಬರುತ್ತಾಳೆ. ಮುಟ್ಟು ನಿಂತ ಮೇಲೆ ಚರ್ಮ ಒಣಗಿ ತೆಳುವಾದ ಟೀಚರ್ ಬರುತ್ತಾರೆ. ಹೆರಿಗೆಯಾಗಿ ಕೆನ್ನೆ ಮೇಲೆ ಬಂಗು ಬಂದವಳು ಬರುತ್ತಾಳೆ. ಪಿಸಿಓಡಿ ಎಂಬ ಹಾರ್ಮೋನ್ ತೊಂದರೆಯಿಂದ ಗದ್ದದ ಮೇಲೆ ಕೂದಲು ಬಂದು, ಯಾರಿಗೂ ಹೇಳಿಕೊಳ್ಳಲಾಗದೆ ದುಪಟ್ಟಾದಲ್ಲಿ ಮುಚ್ಚಿಕೊಂಡು ಬರುವವಳಿದ್ದಾಳೆ. ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಮೊಮ್ಮಗಳು ಪ್ರೀತಿಯಿಂದ ಪೆಡಿಕ್ಯೂರ್‌ಗೆ ಕರೆತರುತ್ತಾಳೆ. ಇವರಲ್ಲಿ ಒಬ್ಬೊಬ್ಬರಿಗೂ ನೀವು ಮಾಡಬೇಕಾದ ಕೆಲಸ ಬೇರೆ. ಮುಟ್ಟಬಾರದ್ದೂ ಬೇರೆ.

ನಮ್ಮಲ್ಲಿ ಕಲಿಯಲು ದಾರಿಗಳು ಕಮ್ಮಿ ಇಲ್ಲ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರುವಾಯಿತು. ಅದೇ ಮಾದರಿಯ ಗ್ರಾಮೀಣ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು, ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಊಟ, ವಸತಿ ಕೊಟ್ಟು ಉಚಿತವಾಗಿ, ಸುಮಾರು ಒಂದು ತಿಂಗಳು ಬ್ಯೂಟಿ ಪಾರ್ಲರ್ ಕೆಲಸ ಕಲಿಸುತ್ತವೆ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್ ಇದೆ. ಬ್ಯೂಟಿ ಆ್ಯಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನವರ ಪರೀಕ್ಷೆ ಇದೆ. ಮೊದಲು ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್, ಆಮೇಲೆ ಬ್ಯೂಟಿ ಥೆರಪಿಸ್ಟ್. ವಿದೇಶದಲ್ಲಿ ಕೆಲಸ ಮಾಡುವ ಆಸೆ ಇದ್ದವರಿಗೆ ಸಿಡೆಸ್ಕೊ ಡಿಪ್ಲೊಮಾ ಇದೆ. ಅದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಕಚೇರಿ ಇರುವ ಸಂಸ್ಥೆ. ಅವರು ಕನಿಷ್ಠ 1,200 ಗಂಟೆ ಕಲಿಕೆ ಕೇಳುತ್ತಾರೆ. ನಿಮ್ಮ ಒಂದು ತಿಂಗಳ ತರಬೇತಿಯನ್ನು ದಿನಕ್ಕೆ ಎಂಟು ಗಂಟೆ, ಒಂದು ರಜೆಯೂ ಇಲ್ಲದೆ ಲೆಕ್ಕ ಹಾಕಿದರೂ 240 ಗಂಟೆ. ಆ ಅಂತರವನ್ನು ಎಲ್ಲಾದರೂ ತುಂಬಿಸಬೇಕಲ್ವಾ? ಅದಕ್ಕೇ ಆ ಒಂದು ವರ್ಷ.

ಈಗ ಚರ್ಮದ ವಿಷಯಕ್ಕೆ ಬರೋಣ. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು, ಬಿಸಿಲಿಗೆ ಚರ್ಮ ಹೇಗೆ ವರ್ತಿಸುತ್ತದೆ ಎಂದು ನೋಡಿ ವಿಂಗಡಿಸುವ ಒಂದು ಕ್ರಮ ಮಾಡಿದರು. ಈಗ ಅದರಲ್ಲಿ ಆರು ವಿಧಗಳಿವೆ. ಒಂದನೆಯದು ಬಿಸಿಲಿಗೆ ಬರೀ ಸುಡುವ, ಕಪ್ಪಾಗದ ಚರ್ಮ. ಆರನೆಯದು ತೀರಾ ಗಾಢ ಬಣ್ಣದ್ದು. ನಮ್ಮ ಕಡೆ ನೀವು ಹೆಚ್ಚಾಗಿ ನೋಡುವುದು ನಾಲ್ಕು ಮತ್ತು ಐದು. ಈ ಚರ್ಮಕ್ಕೆ ಒಳ್ಳೆಯ ಗುಣ ಇದೆ, ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಗಾಯವಾದರೆ ಕಪ್ಪು ಕಲೆ ಬಿಡುತ್ತದೆ. ವ್ಯಾಕ್ಸ್ ಸ್ವಲ್ಪ ಜಾಸ್ತಿ ಬಿಸಿ ಇತ್ತು, ಸ್ಕ್ರಬ್ ಸ್ವಲ್ಪ ಜೋರಾಯಿತು, ಬ್ಲೀಚ್ ಎರಡು ನಿಮಿಷ ಹೆಚ್ಚಾಯಿತು. ಉರಿ ಸಂಜೆಗೆ ಹೋಗುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಯೂಟ್ಯೂಬ್‌ನಲ್ಲಿ ಬಿಳಿ ಚರ್ಮದವರ ಮೇಲೆ ಮಾಡಿ ತೋರಿಸುವುದನ್ನು ನೋಡಿ ಇಲ್ಲಿ ಹಾಗೇ ಮಾಡಬೇಡಿ.

ಚರ್ಮದ ಮೇಲ್ಪದರ ಹೊಸದಾಗಲು ಯೌವನದಲ್ಲಿ ಸುಮಾರು 28 ದಿನ ಬೇಕು. ವಯಸ್ಸಾದಂತೆ ಇನ್ನೂ ಜಾಸ್ತಿ. ತಿಂಗಳಿಗೊಂದು ಫೇಶಿಯಲ್ ಸಾಕು ಎನ್ನುವುದಕ್ಕೆ ಇದೇ ಕಾರಣ. ವಾರಕ್ಕೊಂದು ಮಾಡಿಸಿಕೊಳ್ಳಿ ಎಂದು ಗಿರಾಕಿಗೆ ಹೇಳಿದರೆ ನಿಮಗೆ ದುಡ್ಡು ಬರಬಹುದು, ಅವರ ಚರ್ಮಕ್ಕೆ ಒಳ್ಳೆಯದಾಗುವುದಿಲ್ಲ.

ವ್ಯಾಕ್ಸ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಮೊಡವೆಗೆ ಏನಾದರೂ ಕ್ರೀಮ್ ಹಚ್ಚುತ್ತಿದ್ದೀರಾ, ಮಾತ್ರೆ ತಗೊಳ್ತಿದ್ದೀರಾ? ಟ್ರೆಟಿನಾಯಿನ್, ಅಡಾಪಲೀನ್ ಅಂತ ಕ್ರೀಮುಗಳಿವೆ. ಐಸೊಟ್ರೆಟಿನಾಯಿನ್ ಅಂತ ಮಾತ್ರೆ ಇದೆ. ಇವನ್ನು ಬಳಸುವವರ ಚರ್ಮ ಸೂಕ್ಷ್ಮವಾಗಿರುತ್ತದೆ. ವ್ಯಾಕ್ಸ್ ಎಳೆದರೆ ಕೂದಲಿನ ಜೊತೆ ಚರ್ಮವೇ ಕಿತ್ತು ಬರುತ್ತದೆ. ಆ ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವವರೆಗೆ ವ್ಯಾಕ್ಸ್ ಬೇಡ ಎನ್ನುತ್ತಾರೆ. ಗಿರಾಕಿಗೆ ಹೆಸರು ಗೊತ್ತಿರುವುದಿಲ್ಲ. "ಪಿಂಪಲ್ ಮಾತ್ರೆ" ಅನ್ನುತ್ತಾರೆ, ಅಷ್ಟೇ. ಮೊಬೈಲ್‌ನಲ್ಲಿ ಚೀಟಿಯ ಫೋಟೊ ಇದೆಯಾ ಕೇಳಿ. ಇಲ್ಲದಿದ್ದರೆ ಥ್ರೆಡ್ಡಿಂಗ್ ಕೂಡ ಹುಷಾರಾಗಿ ಮಾಡಿ.

ಕೂದಲಿಗೆ ಡೈ ಹಚ್ಚುವ ಮೊದಲು 48 ಗಂಟೆಯ ಪ್ಯಾಚ್ ಟೆಸ್ಟ್. ಕಿವಿ ಹಿಂದೆ ಅಥವಾ ಮೊಣಕೈ ಒಳಗೆ ಒಂದು ಚುಕ್ಕಿ ಹಚ್ಚಿ ಕಳಿಸಿ. ಕಪ್ಪು ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದರಿಂದ ಮುಖವೆಲ್ಲ ಊದಿಕೊಳ್ಳುತ್ತದೆ. "ಹತ್ತು ವರ್ಷದಿಂದ ಹಚ್ತಿದ್ದೀನಿ, ಏನೂ ಆಗಿಲ್ಲ" ಎನ್ನುತ್ತಾರೆ. ಅಲರ್ಜಿ ಹನ್ನೊಂದನೇ ವರ್ಷ ಶುರುವಾಗಬಹುದು. ಬೇಗ ಕಪ್ಪಾಗುವ ಮೆಹಂದಿ ಕೋನ್‌ಗಳಲ್ಲೂ ಕೆಲವೊಮ್ಮೆ ಇದೇ ಪಿಪಿಡಿ ಇರುತ್ತದೆ. ಮದುಮಗಳ ಕೈಗೆ ಅದನ್ನು ಹಾಕಬೇಡಿ.

ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಪೆಡಿಕ್ಯೂರ್ ನೀರು ಸುಡುತ್ತಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಸಣ್ಣ ಗಾಯ ಸಾಕು, ಅದು ಹುಣ್ಣಾಗಿ ಆಸ್ಪತ್ರೆ ಸೇರುವ ತನಕ ಹೋಗುತ್ತದೆ.

ಇನ್ನೊಂದು ಯಾರೂ ಹೇಳದ ವಿಷಯ, ಕೂದಲು ತೊಳೆಯುವ ಬೇಸಿನ್. ಕತ್ತು ಹಿಂದಕ್ಕೆ ಬಾಗಿಸಿ ತುಂಬಾ ಹೊತ್ತು ಇಟ್ಟಾಗ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಆದ ಐದು ಪ್ರಕರಣಗಳನ್ನು 1993ರಲ್ಲಿ ಮೈಕೆಲ್ ವೈನ್‌ಟ್ರಾಬ್ ಎಂಬ ಅಮೆರಿಕದ ನರವೈದ್ಯರು ವರದಿ ಮಾಡಿದರು. ಇದು ಅಪರೂಪ, ಹೆದರಬೇಕಿಲ್ಲ. ಕತ್ತಿನ ಕೆಳಗೆ ಮಡಿಸಿದ ಟವೆಲ್ ಇಡಿ. ವಯಸ್ಸಾದವರನ್ನು ಹೆಚ್ಚು ಹೊತ್ತು ಹಾಗೆ ಮಲಗಿಸಬೇಡಿ. ತಲೆ ಸುತ್ತುತ್ತಿದೆ ಅಂದರೆ ತಕ್ಷಣ ಎಬ್ಬಿಸಿ ಕೂರಿಸಿ.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ? ನೆನಪಿಟ್ಟುಕೊಳ್ಳಬೇಡಿ, ಬರೆದಿಡಿ. ಒಬ್ಬೊಬ್ಬ ಗಿರಾಕಿಗೂ ಒಂದು ಕಾರ್ಡ್. ಹೆಸರು, ವಯಸ್ಸು, ಕಾಯಿಲೆ, ಔಷಧಿ, ಅಲರ್ಜಿ, ಗರ್ಭಿಣಿಯೇ, ಏನು ಮಾಡಿದಿರಿ, ಯಾವ ಕಂಪನಿಯ ಯಾವ ಪ್ರಾಡಕ್ಟ್, ಚರ್ಮ ಹೇಗೆ ಪ್ರತಿಕ್ರಿಯಿಸಿತು. ಎರಡನೇ ಸಲ ಬಂದಾಗ "ಹೋದ ಸಲ ಗದ್ದದ ಹತ್ತಿರ ಸ್ವಲ್ಪ ಕೆಂಪಾಗಿತ್ತಲ್ವಾ, ಈಗ ಹೇಗಿದೆ?" ಎಂದು ಕೇಳಿ ನೋಡಿ. ಆ ಹೆಂಗಸು ನಿಮ್ಮನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಊರಲ್ಲಿ ಎಷ್ಟು ಹೊಸ ಪಾರ್ಲರ್ ಬಂದರೂ ಹೋಗುವುದಿಲ್ಲ. ನನ್ನ ಪಾರ್ಲರ್ ನಡೆದಿರುವುದು ಅಂಥ ಹೆಂಗಸರಿಂದ, ಗೋಡೆಯ ಕನ್ನಡಿಗಳಿಂದಲ್ಲ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ. ಬಿಳಿ ಬಣ್ಣ.

ಗಿರಾಕಿಗಳಲ್ಲಿ ಬಹಳ ಜನ ಇದನ್ನೇ ಕೇಳುತ್ತಾರೆ. "ಮದುವೆಗೆ ಎರಡು ತಿಂಗಳಿದೆ, ಮಗಳನ್ನು ಸ್ವಲ್ಪ ಬೆಳ್ಳಗೆ ಮಾಡಿಕೊಡಿ." ಅಮ್ಮ ಇದನ್ನು ಮಗಳ ಎದುರಿಗೇ ಹೇಳುತ್ತಾರೆ. ಆಗ ಆ ಹುಡುಗಿಯ ಮುಖವನ್ನೊಮ್ಮೆ ನೋಡಿ. ಎಂ.ಎ. ಓದಿ ಕೆಲಸದಲ್ಲಿರುವ ಹುಡುಗಿ ಕೂಡ ತಲೆ ತಗ್ಗಿಸುತ್ತಾಳೆ. ಆ ಹೊತ್ತಿನಲ್ಲಿ ನೀವು ಏನು ಹೇಳುತ್ತೀರಿ ಅನ್ನುವುದು ಅವಳಿಗೆ ತುಂಬಾ ದೊಡ್ಡದು.

1975ರಲ್ಲಿ ಬಂದ ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಹಾಕಿಕೊಂಡಿತು. ಟ್ಯೂಬಿನ ಮೇಲಿನ ಹೆಸರು ಬದಲಾಯಿತು. ಮನೆಗಳಲ್ಲಿ ಆಡುವ ಮಾತು ಬದಲಾಗಿಲ್ಲ. ಆ ಆಸೆಯನ್ನು ಹಿಡಿದು ಬದುಕುವ ವ್ಯಾಪಾರ ಇನ್ನೂ ಜೋರಾಗಿದೆ. ಕೆಲವು ಕಡೆ ಲೇಬಲ್ ಇಲ್ಲದ ಪುಟ್ಟ ಡಬ್ಬಿಯಲ್ಲಿ "ನೈಟ್ ಕ್ರೀಮ್" ಅಂತ ಕೊಡುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಚರ್ಮದ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್ ಎಂಬ ಔಷಧಿ ಇರಬಹುದು. ಮೊದಲ ಎರಡು ವಾರ ಮುಖ ಫಳಫಳ ಹೊಳೆಯುತ್ತದೆ. ಎಲ್ಲರೂ ಹೊಗಳುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮುಖದಲ್ಲಿ ಕೂದಲು ಬರುತ್ತದೆ, ಮೊಡವೆ ಏಳುತ್ತದೆ. ನಿಲ್ಲಿಸಿದರೆ ಉರಿ. ಹಾಗಾಗಿ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಇರುವ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಆದರೂ ಅವು ಕೈಗೆ ಸಿಗುತ್ತಲೇ ಇವೆ.

ಪಾದರಸ ಬೆರೆಸಿದ ಕ್ರೀಮುಗಳ ಕಥೆ ಇನ್ನೂ ಕೆಟ್ಟದ್ದು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಬಿಳಿ ಮಾಡುವ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ತೊಂದರೆ ಕಾಣಿಸಿಕೊಂಡಿದ್ದನ್ನು ಅಲ್ಲಿನ ವೈದ್ಯರು ಗುರುತಿಸಿದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗಿ ಮುಟ್ಟಿತು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಇಂಥ ಕ್ರೀಮುಗಳಿಗೆ ಪಾದರಸ ಬೆರೆಸುವಂತಿಲ್ಲ. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೆ ಏನಿದೆ ಎಂಬ ಪಟ್ಟಿ ಇಲ್ಲದ ಯಾವ ಡಬ್ಬಿಯೂ ನಿಮ್ಮ ಪಾರ್ಲರ್ ಕಪಾಟಿನಲ್ಲಿ ಇರಬಾರದು. ಎಷ್ಟೇ ಲಾಭ ಇದ್ದರೂ ಸರಿ.

ಹಾಗಾದರೆ ಆ ಅಮ್ಮನಿಗೆ ಏನು ಹೇಳಬೇಕು? ನಾನು ಹೇಳುವುದು ಹೀಗೆ. "ಬಣ್ಣ ಬದಲಿಸಲು ಆಗಲ್ಲಮ್ಮ. ಬಿಸಿಲಿಗೆ ಕಪ್ಪಾದ ಭಾಗ ಅವಳ ಸ್ವಂತ ಬಣ್ಣಕ್ಕೆ ಮರಳುತ್ತದೆ. ದಿನಾ ಸನ್‌ಸ್ಕ್ರೀನ್ ಹಚ್ಚಲಿ, ಚೆನ್ನಾಗಿ ನಿದ್ದೆ ಮಾಡಲಿ. ಚರ್ಮ ನುಣುಪಾಗಿ, ಆರೋಗ್ಯವಾಗಿ ಇರುವ ಹಾಗೆ ನಾನು ನೋಡಿಕೊಳ್ಳುತ್ತೇನೆ." ಕೆಲವರು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಉಳಿದವರಿಗೆ ಮದುವೆಯ ದಿನ ಫೌಂಡೇಶನ್ ಆರಿಸುವಾಗ ದವಡೆಯ ಅಂಚಿಗೆ ಹಚ್ಚಿ, ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ನೋಡಿ ಆರಿಸಿ. ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ ಆದರೆ ಆ ಫೋಟೊ ಜೀವನವಿಡೀ ಉಳಿಯುತ್ತದೆ. ಮದುವೆಗೆ ಒಂದು ವಾರ ಇರುವಾಗ ಹೊಸದೇನನ್ನೂ ಮುಖಕ್ಕೆ ಮುಟ್ಟಿಸಬೇಡಿ. ಅರಿಶಿನ ಶಾಸ್ತ್ರದ ದಿನ ಬೆಳಗ್ಗೆ ವ್ಯಾಕ್ಸ್ ಮಾಡಿ ಕಳಿಸಬೇಡಿ. ಎರಡು ದಿನ ಮೊದಲೇ ಮುಗಿಸಿ. ಆಗ ತಾನೇ ವ್ಯಾಕ್ಸ್ ಆದ ಚರ್ಮದ ಮೇಲೆ ಅರಿಶಿನ ಬಿದ್ದರೆ ಉರಿಯುತ್ತದೆ.

ಇದೇ ಜಾಗದಲ್ಲಿ ನಮ್ಮ ಗಡಿಯನ್ನೂ ಹೇಳಿಬಿಡುತ್ತೇನೆ. ಲೇಸರ್, ಆಳದ ಕೆಮಿಕಲ್ ಪೀಲ್, ಬೊಟಾಕ್ಸ್, ಬೆಳ್ಳಗಾಗಲು ಅಂತ ಏರಿಸುವ ಗ್ಲುಟಾಥಿಯೋನ್ ಡ್ರಿಪ್ ನಮ್ಮ ಕೆಲಸ ಅಲ್ಲ. ಸೂಜಿ ಚುಚ್ಚುವುದು ಯಾವುದೂ ನಮ್ಮದಲ್ಲ. ಎರಡು ದಿನದ ವರ್ಕ್‌ಶಾಪ್ ಮಾಡಿ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ನಿಮ್ಮ ದುಡ್ಡು ಉಳಿಸಿಕೊಳ್ಳಿ. ನಿಮ್ಮೂರಿನ ಒಬ್ಬ ಚರ್ಮವೈದ್ಯರ ಪರಿಚಯ ಮಾಡಿಕೊಳ್ಳಿ. ಬಂಗು, ಮಚ್ಚೆಯಲ್ಲಿ ಬದಲಾವಣೆ, ಗುಂಪಾಗಿ ಕೂದಲು ಉದುರುವುದು ಕಂಡರೆ ಅಲ್ಲಿಗೆ ಕಳಿಸಿ.

ಸ್ವಚ್ಛತೆ ಬಗ್ಗೆ ತರಬೇತಿಯಲ್ಲಿ ಕೇಳಿದ್ದೀರಿ. ಆದರೆ ಶನಿವಾರ ಸಂಜೆ ಆರು ಜನ ಕಾಯುತ್ತಿರುವಾಗ ಅದು ಮರೆತುಹೋಗುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ. ಥ್ರೆಡ್ಡಿಂಗ್ ದಾರವನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಬಿಡಿ. ಕತ್ತಿಗೆ ಸುತ್ತಿ ಮಾಡುವ ವಿಧಾನ ಕಲಿಯಿರಿ. ಒಬ್ಬರಿಗೆ ಬಳಸಿದ ದಾರ ಇನ್ನೊಬ್ಬರಿಗೆ ಬೇಡ, ನರುಳ್ಳೆ ಹರಡುತ್ತದೆ. ವ್ಯಾಕ್ಸ್ ಹಚ್ಚಿದ ಚಾಕುವನ್ನು ಮತ್ತೆ ಡಬ್ಬಿಗೆ ಅದ್ದಬೇಡಿ. ಬ್ಲೇಡ್ ಒಬ್ಬರಿಗೆ ಒಂದು. ಆ ನೀಲಿ ದೀಪದ ಯುವಿ ಪೆಟ್ಟಿಗೆ ಇದೆಯಲ್ಲ, ಅದು ಸ್ವಚ್ಛ ಮಾಡಿದ ಸಾಮಾನು ಇಡುವುದಕ್ಕೆ. ಕೊಳೆಯಾದ ಕತ್ತರಿ ಅದರೊಳಗೆ ಇಟ್ಟರೆ ಶುದ್ಧವಾಗುವುದಿಲ್ಲ. ಲೋಹದ ಸಾಮಾನಿಗೆ ಆಟೋಕ್ಲೇವ್ ಬೇಕು. 121 ಡಿಗ್ರಿ ಸೆಲ್ಸಿಯಸ್ ಒತ್ತಡದ ಹಬೆ, ಕನಿಷ್ಠ ಹದಿನೈದು ನಿಮಿಷ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಬಲ್ಲದು. ನೀವೂ ಅದರ ಲಸಿಕೆಯ ಮೂರು ಡೋಸ್ ಹಾಕಿಸಿಕೊಳ್ಳಿ. ಗಿರಾಕಿಯ ರಕ್ಷಣೆ ಎಷ್ಟು ಮುಖ್ಯವೋ ನಿಮ್ಮದೂ ಅಷ್ಟೇ.

ಪಾದ ಮುಟ್ಟುವ ಕೆಲಸ ಎಂದು ಮನೆಯಲ್ಲಿ ಬೇಡ ಎಂದವರು ಇಲ್ಲಿ ಎಷ್ಟು ಜನರ ಮನೆಯಲ್ಲಿದ್ದಾರೆ? ಕೈಗಳು ಮೇಲೆದ್ದಿದ್ದು ನೋಡಿದೆ. ಇನ್ನೊಬ್ಬರ ಮೈ, ಕೂದಲು, ಉಗುರು ನೋಡಿಕೊಳ್ಳುವ ಕೆಲಸವನ್ನು ತಲೆಮಾರುಗಳಿಂದ ಸವಿತಾ ಸಮಾಜದವರು ಮಾಡಿದರು. ಅವರಿಲ್ಲದೆ ಊರಿನ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ಆದರೂ ಸಮಾಜ ಅವರಿಗೆ ಗೌರವ ಕೊಡಲಿಲ್ಲ. ಈಗ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದೇವೆ. ಬರುವಾಗ ಆ ಹಿಂದಿನವರ ಕೈಗೆಲಸಕ್ಕೆ ಗೌರವ ಇಟ್ಟುಕೊಂಡು ಬನ್ನಿ. ಪಾದ ಮುಟ್ಟುವುದರಲ್ಲಿ ಕೀಳು ಏನೂ ಇಲ್ಲ. ನರ್ಸ್ ಮುಟ್ಟುತ್ತಾರೆ, ಡಾಕ್ಟರ್ ಮುಟ್ಟುತ್ತಾರೆ, ನಾವೂ ಮುಟ್ಟುತ್ತೇವೆ.

ದುಡ್ಡಿನ ಮಾತು. ಹೆಚ್ಚಿನವರು ಪಕ್ಕದ ಪಾರ್ಲರ್‌ನ ರೇಟ್ ನೋಡಿ ಅದಕ್ಕಿಂತ ಐವತ್ತು ಕಮ್ಮಿ ಇಡುತ್ತಾರೆ. ಹಾಗೆ ಮಾಡಬೇಡಿ, ಲೆಕ್ಕ ಹಾಕಿ. ಒಂದು ಉದಾಹರಣೆ ತಗೊಳ್ಳಿ. ಬಾಡಿಗೆ 8,000, ಕರೆಂಟು ನೀರು 2,000, ಸಹಾಯಕಿಗೆ 10,000, ಸಾಲದ ಕಂತು 4,000. ಒಟ್ಟು 24,000 ರೂಪಾಯಿ. ತಿಂಗಳಿಗೆ 26 ದಿನ, ದಿನಕ್ಕೆ ಆರು ಗಂಟೆ ನಿಮ್ಮ ಕುರ್ಚಿ ತುಂಬಿರುತ್ತದೆ ಅಂದುಕೊಳ್ಳಿ. ಅಂದರೆ 156 ಗಂಟೆ. ಗಂಟೆಗೆ ಸುಮಾರು 154 ರೂಪಾಯಿ ಬರೀ ಬಾಗಿಲು ತೆರೆದಿಡುವ ಖರ್ಚು. ಒಂದು ಗಂಟೆಯ ಫೇಶಿಯಲ್‌ಗೆ ಸಾಮಾನು 150 ರೂಪಾಯಿ ಹಿಡಿದರೆ 304 ಆಯಿತು. ನೀವು 350ಕ್ಕೆ ಮಾಡಿದರೆ ನಿಮ್ಮ ಕೈಗೆ ಒಂದು ಗಂಟೆಗೆ 46 ರೂಪಾಯಿ. 500ಕ್ಕೆ ಮಾಡಿದರೆ 196. ಕುರ್ಚಿ ಮೂರೇ ಗಂಟೆ ತುಂಬಿದರೆ ಏನಾಗುತ್ತದೆ ಅಂತ ಮನೆಯಲ್ಲಿ ನೀವೇ ಹಾಕಿ ನೋಡಿ.

ನಮ್ಮ ವರ್ಷ ಸಮನಾಗಿ ಹರಿಯುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ವೈಶಾಖದಲ್ಲಿ ಊಟ ಮಾಡಲು ಪುರುಸೊತ್ತಿಲ್ಲ. ಶ್ರಾವಣದ ವರಮಹಾಲಕ್ಷ್ಮಿ, ಭಾದ್ರಪದದ ಗೌರಿ ಹಬ್ಬ ಅಂತ ಮತ್ತೆ ಶುರು. ಸೀಸನ್‌ನಲ್ಲಿ ಬಂದ ದುಡ್ಡಿನಲ್ಲಿ ಎರಡು ತಿಂಗಳ ಬಾಡಿಗೆ ಬೇರೆ ಖಾತೆಗೆ ಹಾಕಿ ಮುಟ್ಟಬೇಡಿ. ಆಷಾಢದಲ್ಲಿ ಹೊಸ ಕೆಲಸ ಕಲಿಯಿರಿ, ಸಾಮಾನು ರಿಪೇರಿ ಮಾಡಿಸಿ.

ಸಾಲ ಬೇಕಾದಾಗ ಮುದ್ರಾ ಯೋಜನೆ ಇದೆ. 2015ರಿಂದ ನಡೆಯುತ್ತಿದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ಅಡಮಾನ ಇಲ್ಲದೆ. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಸಬ್ಸಿಡಿ ಸಿಗುತ್ತದೆ. ಆದಾಯದ ಮಿತಿ, ವಯಸ್ಸಿನ ಮಿತಿ ಇದೆ. ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಯಲ್ಲಿ ವಿಚಾರಿಸಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಏಜೆಂಟರಿಗೆ ದುಡ್ಡು ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಚಿಂತೆ ಇಲ್ಲ. ದಾಟಿದವರಿಗೂ 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಗಳ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಸಾಲದ ದುಡ್ಡನ್ನು ಫಾಲ್ಸ್ ಸೀಲಿಂಗ್‌ಗೆ ಹಾಕಬೇಡಿ. ಒಳ್ಳೆ ಬೆಳಕು, ಎತ್ತರ ಬದಲಿಸಬಹುದಾದ ಬೆಡ್, ಬೆನ್ನಿಗೆ ಆಸರೆ ಇರುವ ಸ್ಟೂಲ್, ಆಟೋಕ್ಲೇವ್. ಮೊದಲು ಇವು. ದಿನವಿಡೀ ಬಗ್ಗಿ ನಿಂತು ಕೆಲಸ ಮಾಡುವವರ ಬೆನ್ನು, ಮಣಿಕಟ್ಟು ಬೇಗ ಸೋಲುತ್ತವೆ.

ಬೆಂಗಳೂರಿಗೆ ಹೋಗುವವರು ಆ್ಯಪ್ ಕೆಲಸದ ಬಗ್ಗೆ ಕೇಳುತ್ತೀರಿ. ಅರ್ಬನ್ ಕಂಪನಿ ಥರದ ಆ್ಯಪ್‌ಗಳಲ್ಲಿ ಗಿರಾಕಿ ಬೇಗ ಸಿಗುತ್ತಾರೆ, ಅದು ನಿಜ. ಆದರೆ ಗಿರಾಕಿ ಆ್ಯಪ್‌ನವರು, ನಿಮ್ಮವರಲ್ಲ. ಕಮಿಷನ್, ರೇಟಿಂಗ್ ವಿಷಯಕ್ಕೆ 2021ರಲ್ಲಿ ಗುರುಗ್ರಾಮದಲ್ಲಿ ಹೆಣ್ಣುಮಕ್ಕಳು ಆ ಕಂಪನಿಯ ಕಚೇರಿ ಎದುರು ಪ್ರತಿಭಟನೆ ಮಾಡಿದ್ದರು. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ, ಕಾನೂನು ಬಂದಿದೆ. ಅದರಡಿ ನೋಂದಣಿ ಮಾಡಿಸಿಕೊಳ್ಳಿ. ಮನೆಗಳಿಗೆ ಹೋಗಿ ಕೆಲಸ ಮಾಡುವಾಗ ಲೊಕೇಶನ್ ಒಬ್ಬರಿಗೆ ಕಳಿಸಿಯೇ ಬಾಗಿಲು ತಟ್ಟಿ. ಒಳಗೆ ಹೋದಾಗ ಸರಿ ಅನ್ನಿಸದಿದ್ದರೆ ಕಿಟ್ ತಗೊಂಡು ಹೊರಟುಬಿಡಿ. ರೇಟಿಂಗ್ ಹೋದರೆ ಹೋಗಲಿ.

ಕೊನೆಗೆ ಅಲ್ಲಿ ಹಿಂದೆ ಕುಳಿತಿರುವ ಹುಡುಗಿ ಕೇಳಿದ ಪ್ರಶ್ನೆ. "ಮೂರು ವರ್ಷ ಕಷ್ಟಪಟ್ಟು ಗಿರಾಕಿ ಮಾಡಿಕೊಂಡ ಮೇಲೆ ಮದುವೆಯಾಗಿ ಬೇರೆ ಊರಿಗೆ ಹೋದರೆ?" ಇದು ನಮ್ಮ ಕೆಲಸದ ನಿಜವಾದ ಕಷ್ಟ. ಗಿರಾಕಿಗಳನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ಅದಕ್ಕೇ ಜೊತೆಗೆ ಬರುವಂಥದ್ದನ್ನು ಈಗಿನಿಂದಲೇ ಕೂಡಿಡಿ. ದೇಶದೆಲ್ಲೆಡೆ ನಡೆಯುವ ಸರ್ಟಿಫಿಕೇಟ್ ಮಾಡಿಕೊಳ್ಳಿ. ಗಿರಾಕಿಗಳ ಒಪ್ಪಿಗೆ ಪಡೆದು ನಿಮ್ಮ ಕೆಲಸದ ಫೋಟೊಗಳನ್ನು ಇಟ್ಟುಕೊಳ್ಳಿ. ಕೆಲಸ ಮಾಡಿದ ಪಾರ್ಲರ್‌ನಿಂದ ಅನುಭವ ಪತ್ರ ಬರೆಸಿಕೊಳ್ಳಿ. ದುಡ್ಡು ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ. ಮದುವೆ ಮಾತುಕತೆಯಲ್ಲೇ "ನಾನು ಕೆಲಸ ಮುಂದುವರಿಸುತ್ತೇನೆ" ಎಂದು ಬಾಯಿಬಿಟ್ಟು ಹೇಳಿ. ಹೊಸ ಊರಿಗೆ ಹೋದ ಮೇಲೆ ಮೊದಲ ಕೆಲವು ತಿಂಗಳು ಅಲ್ಲಿನ ಒಂದು ಪಾರ್ಲರ್‌ಗೆ ಸೇರಿ. ಕರಾವಳಿಯ ಬೆವರು ಬೇರೆ, ಬಳ್ಳಾರಿಯ ಬಿಸಿಲು ಬೇರೆ, ಕೊಳವೆಬಾವಿಯ ಗಡಸು ನೀರಿರುವ ಊರಿನ ಕೂದಲೂ ಬೇರೆ. ಆ ಊರಿನ ಚರ್ಮ ನಿಮ್ಮ ಕೈಗೆ ಪರಿಚಯ ಆದ ಮೇಲೆ ಅಂಗಡಿಗೆ ಅಡ್ವಾನ್ಸ್ ಕೊಡಿ.